ಒಂಬತ್ತು ಸಾವಿರ ಉಂಗುರ ಎಲ್ಲಿ ಹಿಡಿಸುತ್ತೆ? ತಿಪಟೂರಿನ ಮೇಷ್ಟ್ರಿಗೆ ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರ ಆಯ್ತು, ಉತ್ತರ ಲೇಟ್ ಆಗಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ, ನೀವು ಕೇಳಿದ್ದು ಎರಡು ಸಾಲಲ್ಲಿ ಮುಗಿಸೋ ಪ್ರಶ್ನೆ ಅಲ್ಲ ಅದಕ್ಕೇ ತೆಗೆದು ಪಕ್ಕಕ್ಕೆ ಇಟ್ಕೊಂಡಿದ್ದೆ. ಮಿಕ್ಕ ಓದುಗರಿಗೂ ವಿಷ್ಯ ಗೊತ್ತಾಗ್ಲಿ ಅಂತ ಮೊದ್ಲು ನಿಮ್ಮ ಕಾಗದದಲ್ಲಿ ಏನಿತ್ತು ಅಂತ ಹೇಳ್ಬಿಡ್ತೀನಿ. ಹಿಂದಿನ ಸಂಚಿಕೇಲಿ ನಾವು ಸ್ವೀಡನ್ನಿನ ಒಂದು ಸ್ಪ್ರೂಸ್ ಮರದ (ಚಳಿ ದೇಶಗಳಲ್ಲಿ ಬೆಳೆಯೋ, ಸೂಜಿಯಂಥ ಎಲೆಯ ಮರ) ಫೋಟೋ ಹಾಕಿದ್ವಿ, ಓಲ್ಡ್ ಚಿಕ್ಕೋ ಅಂತ ಅದರ ಹೆಸರು, ಕೆಳಗೆ "ಪ್ರಪಂಚದ ಅತ್ಯಂತ ಹಳೇ ಮರ, ವಯಸ್ಸು 9,550 ವರ್ಷ" ಅಂತ ಬರೆದಿದ್ವಿ. ಅದಕ್ಕೆ ನೀವು ಬರೆದ್ರಿ: "ಮೂವತ್ತು ವರ್ಷ ಮಕ್ಕಳಿಗೆ ಮರದ ಉಂಗುರ ಎಣಿಸಿ ವಯಸ್ಸು ಹೇಳೋದು ಕಲಿಸಿದೀನಿ, ನಮ್ಮನೆ ಹಿತ್ತಲ ನುಗ್ಗೆ ಮರ ಇದಕ್ಕಿಂತ ದಪ್ಪ ಇದೆ, ಈ ಕಡ್ಡೀಲಿ ಒಂಬತ್ತು ಸಾವಿರ ಉಂಗುರ ಎಲ್ಲಿ ಹಿಡಿಸುತ್ತೆ ಸ್ವಾಮಿ? ನಮ್ಮ ದೊಡ್ಡಾಲದ ಮರ ನೋಡಿದ ಕಣ್ಣಿಗೆ ಇದು ಮರ ಅಂತಲೇ ಅನ್ಸಲ್ಲ." ಆಮೇಲೆ ಇನ್ನೊಂದು, ಜೂನ್ ಕೊನೇಲಿ ಸ್ಟಾಕ್‌ಹೋಮ್‌ನಲ್ಲಿರೋ ಮಗಳ ಮನೆಗೆ ಹೋಗ್ತಿದೀರಿ, ಅಳಿಯಂದ್ರು "ಅಷ್ಟು ದೂರ ಕಾರ್ ಓಡಿಸಿ ಅದೊಂದು ಕಡ್ಡಿ ನೋಡ್ಬೇಕಾ ಮಾವ" ಅಂತಿದಾರೆ, ಹೋಗ್ಬೇಕಾ ಬೇಡ್ವಾ.

ಹೋಗಿ ಮೇಷ್ಟ್ರೇ. ಖಂಡಿತ ಹೋಗಿ. ಯಾಕೆ ಅಂತ ಹೇಳೋಕೆ ಮುಂಚೆ ನಮ್ಮ ಕಡೆ ತಪ್ಪು ಒಪ್ಕೋಬೇಕು.

"ಪ್ರಪಂಚದ ಅತ್ಯಂತ ಹಳೇ ಮರ" ಅಂತ ಹಾಗೆ ಬರೀಬಾರದಿತ್ತು. ಒಂದೇ ಕಾಂಡ ಮೊಳಕೆಯಿಂದ ಇವತ್ತಿನ ತನಕ ನಿಂತಿರೋ ಲೆಕ್ಕಕ್ಕೆ ಬಂದ್ರೆ ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿ ಮೆಥೂಸೆಲಾ ಅನ್ನೋ ಬ್ರಿಸಲ್‌ಕೋನ್ ಪೈನ್ ಇದೆ, ಅದಕ್ಕೆ 4,800 ವರ್ಷ ದಾಟಿದೆ, ಅದರ ವಯಸ್ಸು ಸಿಕ್ಕಿದ್ದು ನೀವು ಕಲಿಸಿದ ಹಾಗೇ ಉಂಗುರ ಎಣಿಸಿ. ಒಂದೇ ಬೇರಿನಿಂದ ಕಾಂಡ ಮೇಲೆ ಕಾಂಡ ಎದ್ದು ಬದುಕ್ತಾ ಬಂದಿರೋ ಲೆಕ್ಕಾನೇ ಬೇರೆ, ಅಮೆರಿಕಾದ ಯೂಟಾದಲ್ಲಿ ಪ್ಯಾಂಡೋ ಅಂತ ಒಂದು ಆಸ್ಪೆನ್ ತೋಪಿದೆ, ನೋಡೋಕೆ ಸಾವಿರಾರು ಮರ, ಕೆಳಗೆ ಬೇರು ಒಂದೇ. ಓಲ್ಡ್ ಚಿಕ್ಕೋ ಈ ಎರಡನೇ ಗುಂಪಿಗೆ ಸೇರಿದ್ದು. ಎರಡನ್ನೂ ಒಂದೇ ತಕ್ಕಡೀಲಿ ಹಾಕಿ ನಾವು ಹೆಡ್ಡಿಂಗ್ ಕೊಟ್ಬಿಟ್ವಿ, ನಿಮ್ಮಂಥವರು ಕೈ ಎತ್ತಿ ಕೇಳಿದ್ದು ಒಳ್ಳೇದೇ ಆಯ್ತು.

ಈಗ ಉಂಗುರದ ವಿಷ್ಯ. ನೀವು ಹೇಳಿದ್ದು ಸರಿ, ಆ ಕಾಂಡದಲ್ಲಿ ಅಷ್ಟು ಉಂಗುರ ಇಲ್ಲ, ಇರೋಕೂ ಸಾಧ್ಯ ಇಲ್ಲ. ಮರದ ಎತ್ತರ ಸುಮಾರು 5 ಮೀಟರ್, ಅಂದ್ರೆ 16 ಅಡಿ, ಫೋಟೋದಲ್ಲಿ ನೆಟ್ಟಗೆ ನಿಂತಿದೆಯಲ್ಲ ಆ ಸಣಕಲು ಕಾಂಡ, ಅದು ಈ ಮರದ ಆಯಸ್ಸಲ್ಲಿ ತೀರಾ ಇತ್ತೀಚಿನದು. ಹಳೇದು ಇರೋದು ನೆಲದ ಕೆಳಗೆ. ಇಂಥ ಸ್ಪ್ರೂಸಿನ ಒಂದು ಕಾಂಡ ಹೆಚ್ಚು ಅಂದ್ರೆ 600 ವರ್ಷ ಬಾಳಬಹುದು ಅಂತಾರೆ, ಅದು ಸತ್ರೆ ಅದೇ ಬೇರಿನ ಬುಡದಿಂದ ಇನ್ನೊಂದು ಏಳುತ್ತೆ, ಅದೂ ಹೋದ್ರೆ ಮತ್ತೊಂದು. ನಾನು ಮಂಡ್ಯ ಕಡೆಯವನು, ನಮ್ಮಪ್ಪ ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಟ್ಟು ಕೂಳೆ ಬೆಳೆ ತೆಗೀತಿದ್ರು, ಎರಡನೇ ಕೂಳೆ ಮೂರನೇ ಕೂಳೆ ಅಂತ ಎಣಿಸ್ತಿದ್ರು, ಆಮೇಲೆ ಇಳುವರಿ ಬಿದ್ದೋಯ್ತು ಅಂತ ಕಿತ್ತಾಕ್ತಿದ್ರು. ಬಾಳೆ ತೋಟ ಇರೋರ್ಗೂ ಇದು ಹೊಸದಲ್ಲ, ಗೊನೆ ಬಿಟ್ಟ ತಾಯಿಗಿಡ ಹೋಗುತ್ತೆ, ಪಕ್ಕದ ಕಂದು ಮೇಲೇಳುತ್ತೆ, ತೋಟ ಮಾತ್ರ ಅದೇ ಇರುತ್ತೆ. ಈ ಸ್ಪ್ರೂಸ್ ಒಂಬತ್ತು ಸಾವಿರ ವರ್ಷದಿಂದ ಕೂಳೆ ಮೇಲೆ ಕೂಳೆ ಕೊಡ್ತಾ ಬಂದಿದೆ ಅಂದ್ಕೊಳ್ಳಿ.

ಅಷ್ಟೇ ಅಲ್ಲ, ಇನ್ನೊಂದು ದಾರೀನೂ ಇದೆ ಅದಕ್ಕೆ. ಆ ಬೆಟ್ಟದ ಮೇಲೆ ಚಳಿಗಾಲದಲ್ಲಿ ಹಿಮ ಬಿದ್ದು ಬಿದ್ದು ಕೆಳಗಿನ ಕೊಂಬೆಗಳನ್ನ ನೆಲಕ್ಕೆ ಅದುಮಿ ಹಿಡಿಯುತ್ತೆ, ಮಣ್ಣಿಗೆ ತಾಗಿದ ಕಡೆ ಕೊಂಬೆ ಬೇರು ಬಿಡುತ್ತೆ, ಬೇರು ಬಿಟ್ಟ ಮೇಲೆ ಅದೇ ಒಂದು ಹೊಸ ಬುಡ. ನಮ್ಮ ಹೆಣ್ಮಕ್ಕಳು ಮಲ್ಲಿಗೆ ಬಳ್ಳಿ ಬಾಗ್ಸಿ ಒಂದು ಗೆಣ್ಣಿಗೆ ಮಣ್ಣು ಮುಚ್ಚಿ ಮೇಲೊಂದು ಕಲ್ಲಿಡ್ತಾರಲ್ಲ, ಅದೇ ಕೆಲಸ. ಅಲ್ಲಿ ಕಲ್ಲಿಡೋದು ಹಿಮ.

ದೊಡ್ಡಾಲದ ಮರದ ಮಾತು ನೀವೇ ತೆಗೆದ್ರಿ ಅದಕ್ಕೆ ಹೇಳ್ತೀನಿ, ಕೇತೋಹಳ್ಳಿಯ ಆ ಆಲಕ್ಕೂ ಈಗ ತಾಯಿಬುಡ ಇಲ್ಲ. 2000ದ ಆಸುಪಾಸಲ್ಲಿ ರೋಗ ಬಂದು ಸತ್ತೋಯ್ತು, ನಾವು ಹೋಗಿ ನೋಡಿ ಬೆರಗಾಗೋದು ಬಿಳಲು ಇಳಿದು ಕಾಂಡ ಆದ ಮರಾನ. ಅದನ್ನ "400 ವರ್ಷದ ಮರ" ಅಂತ ಹೇಳೋಕೆ ನಮಗೆ ಯಾವ ಅನುಮಾನವೂ ಬರಲ್ಲ, ಯಾಕಂದ್ರೆ ಮೂರು ಎಕರೆ ಹರಡಿ ಕಣ್ಮುಂದೆ ನಿಂತಿದೆ. ಸ್ಪ್ರೂಸ್ ಅದನ್ನೇ ಮಣ್ಣೊಳಗೆ ಮಾಡಿದೆ, ಅದಕ್ಕೇ ಕಣ್ಣಿಗೆ ಕಾಣಲ್ಲ.

ಹಾಗಾದ್ರೆ 9,550 ಅನ್ನೋ ಸಂಖ್ಯೆ ಎಲ್ಲಿಂದ ಬಂತು? ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ನಾವು ಹೋದ ಸಲ ಮುಖ್ಯವಾಗಿ ಬಿಟ್ಟಿದ್ದು ಇದನ್ನೇ. ಊಮಿಯೊ ವಿಶ್ವವಿದ್ಯಾಲಯದಲ್ಲಿ ಲೇಫ್ ಕುಲ್ಮನ್ ಅಂತ ಭೌತಿಕ ಭೂಗೋಳದ ಪ್ರೊಫೆಸರ್, ಬೆಟ್ಟದ ಮೇಲೆ ಮರಗಳು ಎಷ್ಟು ಎತ್ತರದ ತನಕ ಬೆಳೀತವೆ, ಕಾಲ ಕಾಲಕ್ಕೆ ಆ ಗೆರೆ ಹೇಗೆ ಮೇಲೆ ಕೆಳಗೆ ಆಗಿದೆ ಅಂತ ವರ್ಷಗಟ್ಟಲೆ ಅಲೆದು ಹುಡುಕಿದವರು. ಅವರಿಗೆ ಈ ಮರದ ಬುಡದ ಮಣ್ಣಲ್ಲಿ ಹಳೇ ಕಟ್ಟಿಗೆ, ಸ್ಪ್ರೂಸ್ ಕಾಯಿ ಇಂಥದ್ದೆಲ್ಲ ಸಿಕ್ತು. ಅದನ್ನ ಕಾರ್ಬನ್ ಡೇಟಿಂಗಿಗೆ ಕಳಿಸಿದ್ರೆ ನಾಲ್ಕು ಬೇರೆ ಬೇರೆ ವಯಸ್ಸು ಬಂತು, 375, 5,660, 9,000, ಆಮೇಲೆ 9,550. ಕಾರ್ಬನ್ ಡೇಟಿಂಗ್ ನಿಮಗೆ ಹೇಳ್ಬೇಕಾಗಿಲ್ಲ, ಓದುಗರಿಗೆ ಅಂತ ಹೇಳ್ತೀನಿ: ಜೀವ ಇರೋ ತನಕ ಗಿಡ ಗಾಳಿಯಿಂದ ಒಂದು ಥರದ ವಿಕಿರಣಶೀಲ ಕಾರ್ಬನ್ ತಗೊಳ್ತಾನೇ ಇರುತ್ತೆ, ಸತ್ತ ಮೇಲೆ ಅದು ಕರಗ್ತಾ ಹೋಗುತ್ತೆ, ಪ್ರತಿ 5,730 ವರ್ಷಕ್ಕೆ ಅರ್ಧ. ಈ ಹಳೇ ಕಟ್ಟಿಗೇಲಿ ಮೂರರಲ್ಲಿ ಒಂದು ಪಾಲು ಕೂಡ ಪೂರ್ತಿ ಉಳಿದಿರಲ್ಲ, ಉಳಿದಿದ್ದನ್ನ ಅಳೆದ್ರೆ ವಯಸ್ಸು ಗೊತ್ತಾಗುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಳೆದಿದ್ದು ಸತ್ತ ಕಟ್ಟಿಗೇನ, ಮೇಲೆ ನಿಂತಿರೋ ಜೀವಂತ ಮರಾನ ಅಲ್ಲ. ಕೆಳಗಿರೋ ಕಟ್ಟಿಗೆ, ಮೇಲಿರೋ ಮರ ಎರಡೂ ಒಂದೇ ಗಿಡದ್ದು, ತಳಿಗುಣವೂ ಒಂದೇ ಅನ್ನೋದು ಕುಲ್ಮನ್ ತಂಡದ ತೀರ್ಮಾನ, 2008ರಲ್ಲಿ ವಿಶ್ವವಿದ್ಯಾಲಯ ಪ್ರಪಂಚಕ್ಕೆ ಹೇಳಿದ್ದೂ ಹಾಗೇ. ನಾನೂ ಅದನ್ನ ತೀರ್ಮಾನ ಅಂತಲೇ ಬರೀತೀನಿ, "ಉಂಗುರ ಎಣಿಸಿ ನೋಡಿದ್ರು" ಅನ್ನೋ ಅರ್ಥ ಬರೋ ಹಾಗೆ ಇನ್ನು ಬರೆಯಲ್ಲ. ನೀವು ಕೇಳದಿದ್ರೆ ನಮ್ಮ ಓದುಗರು ಹಾಗೇ ಅಂದ್ಕೊಂಡಿರ್ತಿದ್ರು.

ಹೆಸರಿನ ಬಗ್ಗೆ ಒಂದ್ ಮಾತು. ಸ್ವೀಡನ್ನಿನವರ ಬಾಯಲ್ಲಿ ಅದು ಶಿಕ್ಕೋ ಅಂತ ಕೇಳ್ಸುತ್ತೆ, ನಮ್ಮ ಕಿವಿಗೆ ಚಿಕ್ಕೋ, "ಚಿಕ್ಕ"ದ ನೆನಪು ಬರುತ್ತೆ, ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಕುಲ್ಮನ್ ಅವರು ಸಾಕಿದ್ದ ನಾಯಿ ಹೆಸರು. ನಾಯಿ ತೀರ್ಕೊಂಡಿತ್ತು, ಮರಕ್ಕೆ ಅದರ ಹೆಸರಿಟ್ರು. ನಾಯಿ ಸಾಕಿ ಕಳ್ಕೊಂಡಿರೋರಿಗೆ ಇದು ಅರ್ಥ ಆಗುತ್ತೆ, ಹತ್ತು ಹನ್ನೆರಡು ವರ್ಷ ಬದುಕೋ ಜೀವದ ಹೆಸರನ್ನ ಹೀಗೆ ಒಂದು ಮರದ ಮೇಲೆ ಇಡೋದು. ನಂಗೆ ಇಡೀ ಕತೇಲಿ ತುಂಬಾ ಇಷ್ಟ ಆದ ಸಂಗತಿ ಇದು.

9,550 ವರ್ಷ ಅಂದ್ರೆ ಎಷ್ಟು ಅಂತ ಮನಸ್ಸಿಗೆ ಹಿಡಿಸೋಕೆ ನಾನು ಹೀಗೆ ಲೆಕ್ಕ ಹಾಕ್ತೀನಿ. ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು ಅಂತಾರಲ್ಲ, ಅಲ್ಲಿಂದ ಇಲ್ಲಿಗೆ ಎಷ್ಟು ದೂರವೋ ಅಂಥ ಆರು ದೂರ ಹಿಂದಕ್ಕೆ ಹೋಗ್ಬೇಕು. ಆಗ ಸ್ಕ್ಯಾಂಡಿನೇವಿಯಾ ಮೇಲೆ ಕೂತಿದ್ದ ದೊಡ್ಡ ಹಿಮದ ಹಾಸು ಕರಗಿ ಈ ಬೆಟ್ಟಗಳು ಈಗಷ್ಟೇ ಹೊರಗೆ ಬಂದಿದ್ವು. ಸ್ಪ್ರೂಸ್ ಸ್ವೀಡನ್ನಿಗೆ ಬಂದಿದ್ದು ತೀರಾ ಇತ್ತೀಚೆಗೆ, ಎರಡು ಮೂರು ಸಾವಿರ ವರ್ಷದ ಹಿಂದೆ, ಪೂರ್ವದಿಂದ ನಿಧಾನಕ್ಕೆ ಹರಡ್ಕೊಂಡು ಬಂತು ಅಂತ ಹಿಂದೆ ನಂಬಿದ್ರು. ಬುಡದಲ್ಲಿ ಸಿಕ್ಕ ಈ ಕಟ್ಟಿಗೆ ಅದನ್ನ ತಲೆಕೆಳಗು ಮಾಡ್ತು. ಮರ ದೊಡ್ಡದಾ ಚಿಕ್ಕದಾ ಅನ್ನೋದಕ್ಕಿಂತ, ಹಿಮ ಹೋದ ಹಿಂದೆಯೇ ಸ್ಪ್ರೂಸ್ ಅಲ್ಲಿ ಇತ್ತು ಅನ್ನೋದೇ ವಿಜ್ಞಾನಿಗಳಿಗೆ ದೊಡ್ಡ ಸುದ್ದಿ.

ಆಮೇಲೆ ಆ ಸಣಕಲು ಕಾಂಡ. ಅದನ್ನೇ ಸ್ವಲ್ಪ ಹೊತ್ತು ನೋಡ್ಬೇಕು. ಫೋಟೋ ಮತ್ತೆ ತೆಗೆದು ನೋಡಿ ಮೇಷ್ಟ್ರೇ, ಬುಡದಲ್ಲಿ ಒತ್ತಾಗಿ ಪೊದೆ ಥರ ಹರಡಿರೋ ಕೊಂಬೆ, ಮಧ್ಯದಿಂದ ಒಂದೇ ಒಂದು ಕೋಲು ಮೇಲೆದ್ದು ಅಲ್ಲಲ್ಲಿ ಹರಕು ಹರಕು ಕೊಂಬೆ. ಯಾಕೆ ಹಾಗೆ? ಚಳಿಗಾಲದಲ್ಲಿ ಹಿಮದ ಒಳಗೆ ಮುಚ್ಚಿ ಹೋಗೋ ಭಾಗ ಬೆಚ್ಚಗಿರುತ್ತೆ, ಹಿಮ ಅದಕ್ಕೆ ಕಂಬಳಿ ಇದ್ದ ಹಾಗೆ. ಹಿಮದ ಮೇಲೆ ತಲೆ ಎತ್ತಿದ್ದನ್ನ ಗಾಳಿ ಒಣಗಿಸಿ ಸಾಯಿಸುತ್ತೆ. ಹಾಗಾಗಿ ಸಾವಿರಾರು ವರ್ಷಗಳಲ್ಲಿ ಚಳಿ ಜಾಸ್ತಿ ಇದ್ದ ಕಾಲದಲ್ಲೆಲ್ಲ ಈ ಗಿಡ ಮರ ಆಗ್ಲೇ ಇಲ್ಲ, ನೆಲಕ್ಕೆ ಅಂಟ್ಕೊಂಡ ಪೊದೆಯಾಗೇ ಉಳೀತು. ನೆಟ್ಟಗೆ ಎದ್ದಿದ್ದು ಇಪ್ಪತ್ತನೇ ಶತಮಾನದಲ್ಲಿ ಅಲ್ಲಿನ ಹವೆ ಬಿಸಿ ಆಗ್ತಾ ಬಂದ ಮೇಲೆ. ಅಂದ್ರೆ ನಾವು ಫೋಟೋ ತೆಗೀತಾ "ಆಹಾ ಎಷ್ಟು ಹಳೇದು" ಅನ್ನೋ ಆ ಕೋಲು ಏನಿದೆ, ಅದು ನಮ್ಮ ಕಾಲದ ಬಿಸಿಯ ಗುರುತು. ಹವಾಮಾನ ಬದಲಾಗ್ತಿದೆ ಅಂತ ಎಷ್ಟೋ ಗ್ರಾಫ್ ನೋಡಿದೀನಿ ನಮ್ಮ ಪತ್ರಿಕೇಲೇ ಎಷ್ಟೋ ಹಾಕಿದೀವಿ, ಒಂದು ಜೀವದ ಮೈಮೇಲೆ ಅದನ್ನ ಹೀಗೆ ನೋಡಿದ್ದು ಅಲ್ಲಿ ಮಾತ್ರ.

ಹೌದು, ನಾನು ಹೋಗಿದ್ದೆ, ಎರಡು ವರ್ಷದ ಹಿಂದೆ ಆಗಸ್ಟ್ ಮೊದಲ ವಾರ. ಗೈಡ್ ಜೊತೆ ಹೋದ ಗುಂಪಲ್ಲಿ ನಾವು ಒಂಬತ್ತು ಜನ. ಮೇಲಿನ ಬಯಲಲ್ಲಿ ಗಾಳಿ ಅಂದ್ರೆ ಗಾಳಿ, ಮಾತಾಡಿದ್ದು ಪಕ್ಕದವರಿಗೆ ಕೇಳ್ಸಲ್ಲ, ಎಲ್ಲಿ ನೋಡಿದ್ರೂ ಕಲ್ಲು ಕಲ್ಲುಹೂವು, ಗೈಡ್ ನಿಂತ್ಕೊಂಡ್ರು, ನಾನು ಇನ್ನೂ ಮುಂದೆ ನೋಡ್ತಿದ್ದೆ ಮರ ಎಲ್ಲಿ ಅಂತ. ಪಕ್ಕದಲ್ಲೇ ಇತ್ತು. ನಿಮಗೆ ಅನ್ಸಿದ ಹಾಗೇ ನಂಗೂ ಅನ್ಸಿತು, ಇದಕ್ಕಾ ಇಷ್ಟು ದೂರ ಬಂದೆ ಅಂತ. ಸುತ್ತ ಸಣ್ಣ ಗೂಟ ನೆಟ್ಟು ಹಗ್ಗ ಕಟ್ಟಿದಾರೆ, ಹಗ್ಗದ ಈಚೆ ಕೂತು ತಂದಿದ್ದ ಬ್ರೆಡ್ಡು ತಿಂತಾ ಇರೋವಾಗ ಬುಡದ ಪೊದೇಲಿ ಒಂದು ಕೊಂಬೆ ಕಣ್ಣಿಗೆ ಬಿತ್ತು, ಮಣ್ಣಿಗೆ ಇಳಿದು, ಒಂದು ಗೇಣು ಕಾಣದೆ ಹೋಗಿ, ಮತ್ತೆ ಹಸಿರಾಗಿ ಮೇಲೆ ಬಂದಿದೆ. ಅಮ್ಮ ಕಲ್ಲಿಟ್ಟ ಮಲ್ಲಿಗೆ ಬಳ್ಳಿ ತದ್ರೂಪು. ಆಮೇಲೆ ಎದ್ದೇಳೋಕೆ ಮನಸ್ಸು ಬರಲಿಲ್ಲ ನಂಗೆ, ಗೈಡ್ ಎರಡು ಸಲ ಕರೆದ್ರು.

ದಾರಿ ಹೇಳ್ತೀನಿ, ಅಳಿಯಂದ್ರಿಗೆ ತೋರ್ಸಿ. ಜಾಗದ ಹೆಸರು ಫುಲುಫ್ಯೆಲೆಟ್ ರಾಷ್ಟ್ರೀಯ ಉದ್ಯಾನ, ದಾಲಾರ್ನಾ ಪ್ರಾಂತ್ಯದಲ್ಲಿ, ನಾರ್ವೆ ಗಡಿಗೆ ಅಂಟ್ಕೊಂಡಿದೆ, 2002ರಲ್ಲಿ ಉದ್ಯಾನ ಆಗಿದ್ದು. ಸ್ಟಾಕ್‌ಹೋಮ್‌ನಿಂದ ಮೋರಾ, ಅಲ್ಲಿಂದ ಎಲ್ವ್‌ದಾಲೆನ್, ಆಮೇಲೆ ಸ್ಯಾರ್ನಾ. ಒಂದೇ ದಿನದಲ್ಲಿ ಹೋಗಿ ಬರೋ ದೂರ ಅಲ್ಲ, ಎರಡು ರಾತ್ರಿ ಆದ್ರೂ ಇಟ್ಕೊಳ್ಳಿ. ಮೋರಾ ಹತ್ರ ನೂಸ್‌ನೆಸ್ ಅನ್ನೋ ಹಳ್ಳೀಲಿ ಕೆಂಪು ಬಣ್ಣದ ಮರದ ಕುದುರೆ ಮಾಡ್ತಾರೆ, ಚನ್ನಪಟ್ಟಣದ ಬೊಂಬೆ ನೋಡಿ ಬೆಳೆದೋರು ಅಲ್ಲಿ ಕಾರ್ ನಿಲ್ಲಿಸ್ದೇ ಹೋಗೋಕಾಗಲ್ಲ. ಎಲ್ವ್‌ದಾಲೆನ್ ಜನಕ್ಕೆ ತಮ್ಮದೇ ಒಂದು ಭಾಷೆ ಇದೆ, ಸ್ವೀಡಿಶ್ ಬಲ್ಲವರಿಗೂ ಅರ್ಥ ಆಗಲ್ಲ, ಹಳೇ ರೂನ್ ಲಿಪೀಲಿ ಬರೆಯೋದು ಆ ಸೀಮೇಲಿ ಇಪ್ಪತ್ತನೇ ಶತಮಾನದ ಶುರುವಿನ ತನಕ ಉಳಿದಿತ್ತು. ನೀವು ಮೇಷ್ಟ್ರು, ಅಲ್ಲಿ ಯಾರಾದ್ರೂ ಅಜ್ಜಿ ಸಿಕ್ರೆ ಮಾತಾಡಿಸ್ತೀರಿ ಅಂತ ಗೊತ್ತು.

ಕೊನೇ ಊರು ಮೊರ್ಕ್ರೆಟ್, ಅಂದ್ರೆ "ಕತ್ತಲೆ". ನೀವು ಹೋಗೋ ಟೈಮಲ್ಲಿ ಅಲ್ಲಿ ರಾತ್ರಿ ಸರಿಯಾಗಿ ಕತ್ತಲೇ ಆಗಲ್ಲ. ಅಲ್ಲಿಂದ ಮುಂದೆ ಉದ್ಯಾನದ ಮಾಹಿತಿ ಕೇಂದ್ರ ಇದೆ, ನಾಟೂರುಮ್ ಅಂತಾರೆ. ಮರಕ್ಕೆ ಗೈಡ್ ಜೊತೆ ಹೋಗೋ ನಡಿಗೆ ಬೇಸಿಗೇಲಿ ಇಲ್ಲಿಂದಲೇ ಹೊರಡೋದು, ದಿನ ಟೈಮು ಮೊದ್ಲೇ ಫೋನ್ ಮಾಡಿ ಕೇಳ್ಕೊಳ್ಳಿ. ನೀವೇ ಹುಡುಕ್ಕೊಂಡು ಹೋಗೋ ಯೋಚನೆ ಬೇಡ, ಮರಕ್ಕೆ ಅಂತ ಗುರುತು ಹಾಕಿದ ದಾರಿ ಇಲ್ಲ, ಬೇಕು ಅಂತಲೇ ಹಾಗೆ ಬಿಟ್ಟಿದಾರೆ.

ಅದು ಅತಿ ಎಚ್ಚರ ಅನ್ಸಬಹುದು. ಕೆನಡಾದ ಹೈದಾ ಗ್ವಾಯಿ ದ್ವೀಪಗಳಲ್ಲಿ ಇನ್ನೊಂದು ಸ್ಪ್ರೂಸ್ ಇತ್ತು, ಹೈದಾ ಜನ ಕೀದ್‌ಕ್ಯಾಸ್ ಅಂತ ಕರೀತಿದ್ರು, ಅವರಿಗೆ ಪೂಜ್ಯ ಮರ, 300 ವರ್ಷದ್ದು, ಎಲೆ ಹಸಿರಾಗಿರೋ ಬದ್ಲು ಬಂಗಾರದ ಬಣ್ಣ. 1997ರ ಜನವರೀಲಿ ಒಬ್ಬ ಮನುಷ್ಯ, ಕಾಡು ಕಡಿಯೋ ಕಂಪನಿಗಳ ಮೇಲಿನ ಸಿಟ್ಟಿಗೆ, ರಾತ್ರಿ ಹೋಗಿ ಅದಕ್ಕೆ ಗರಗಸ ಹಾಕಿದ, ಎರಡು ದಿನ ಆದ್ಮೇಲೆ ಗಾಳಿಗೆ ಬಿತ್ತು. ನೆವಾಡಾದಲ್ಲಿ 1964ರಲ್ಲಿ ಪ್ರೊಮಿಥಿಯಸ್ ಅನ್ನೋ ಬ್ರಿಸಲ್‌ಕೋನ್ ಪೈನನ್ನ ಸಂಶೋಧನೆಗೆ ಅಂತ ಅನುಮತಿ ತಗೊಂಡೇ ಕಡಿದ್ರು, ಬಿದ್ದ ಮೇಲೆ ಎಣಿಸಿದ್ರೆ 4,800ಕ್ಕೂ ಮೇಲೆ ಉಂಗುರ. ಮೆಥೂಸೆಲಾ ಎಲ್ಲಿದೆ ಅಂತ ಹೇಳದೆ ಗುಟ್ಟಾಗಿ ಇಟ್ಟಿರೋದೂ ಇಂಥ ಭಯಕ್ಕೇ. ಓಲ್ಡ್ ಚಿಕ್ಕೋಗೆ ಗರಗಸ ಬೇಕಾಗಿಲ್ಲ, ನೂರಾರು ಜನ ಬುಡದ ಮೇಲೆ ಓಡಾಡಿ ಮಣ್ಣು ಗಟ್ಟಿ ಮಾಡಿದ್ರೆ, "ಒಂದು ಕಡ್ಡಿ ನೆನಪಿಗೆ" ಅಂತ ಒಬ್ಬೊಬ್ಬರು ಮುರಿದ್ರೆ ಸಾಕು. ಅದರ ಜೀವ ಇರೋದೇ ಬುಡದಲ್ಲಿ. ಫೋಟೋಗೆ ಅಂತ ಹಗ್ಗ ದಾಟೋರು ಸಿಕ್ರೆ ಮೇಷ್ಟ್ರ ಗಂಟಲಲ್ಲಿ ಒಂದು ಮಾತು ಹೇಳಿ, ಕನ್ನಡದಲ್ಲಿ ಹೇಳಿದ್ರೂ ಅರ್ಥ ಆಗುತ್ತೆ.

ನಡೆಯುವಾಗ ಕಾಲ ಕೆಳಗೂ ನೋಡ್ತಾ ಇರಿ. ಸ್ವೀಡನ್ನಿನ ಬೇರೆ ಬೆಟ್ಟಗಳಲ್ಲಿ ಹಿಮಸಾರಂಗ ಮೇಯುತ್ತೆ, ಇಲ್ಲಿ ಮೇಯಿಸಲ್ಲ, ಅದಕ್ಕೇ ಕಲ್ಲುಹೂವು ಬೆಳ್ಳಗೆ ಮೆತ್ತೆ ಹಾಸಿದ ಹಾಗೆ ಬೆಳೆದಿದೆ. ಒಣಗಿದ್ದಾಗ ತುಳಿದ್ರೆ ಹಪ್ಪಳ ಮುರಿದ ಹಾಗೆ ಪುಡಿ ಆಗುತ್ತೆ, ವರ್ಷಕ್ಕೆ ಬೆಳೆಯೋದು ಕೆಲವೇ ಮಿಲಿಮೀಟರ್, ಹಾಗಾಗಿ ಗೈಡ್ ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಡಿ. ಸ್ವೆಟರ್, ಮಳೆ ಕೋಟು, ಹಿಡಿತ ಇರೋ ಶೂ, ಸೊಳ್ಳೆಗೆ ಹಚ್ಕೊಳ್ಳೋ ಕ್ರೀಮು. ಮಂಡಿ ನೋವು ಅಂತ ಕಾಗದದಲ್ಲಿ ಬರೆದಿದ್ರಿ, ಏರು ಇದೆ, ಕೋಲು ತಗೊಳ್ಳಿ, ಅರ್ಧ ದಿನ ಅದಕ್ಕೇ ಇಟ್ಟು ನಿಧಾನಕ್ಕೆ ಹತ್ತಿ. ಆಗ್ಲಿಲ್ಲ ಅಂದ್ರೂ ಬೇಜಾರಿಲ್ಲ, ಅದೇ ಉದ್ಯಾನದಲ್ಲಿ ನ್ಯೂಪೆಶ್ಯಾರ್ ಜಲಪಾತ ಇದೆ, ಸ್ವೀಡನ್ನಿನ ಅತಿ ಎತ್ತರದ್ದು, ಒಟ್ಟು 93 ಮೀಟರ್, ಅದರಲ್ಲಿ 70 ಮೀಟರ್ ನೇರ ಬೀಳುತ್ತೆ, ಜೋಗ ನೋಡಿದೋರಿಗೆ ದೊಡ್ಡದಲ್ಲ, ಆದ್ರೆ ಆ ದಾರಿ ಮೊಮ್ಮಕ್ಕಳಿಗೂ ಸುಲಭ. ದಾರೀಲಿ ಕೂತು ತಿಂಡಿ ಬಿಚ್ಚಿದ್ರೆ ಸೈಬೀರಿಯನ್ ಜೇ ಅನ್ನೋ ಹಕ್ಕಿ ಭಯ ಇಲ್ದೆ ಹತ್ರ ಬರುತ್ತೆ.

ಅಳಿಯಂದ್ರು ಆಮೇಲೂ ಒಪ್ಪದಿದ್ರೆ ಇಷ್ಟು ಹೇಳಿ ನೋಡಿ: ಪಿಟೀಲಿನ ಮೇಲ್ಹಲಗೆ ಮಾಡೋದು ಸಾಮಾನ್ಯವಾಗಿ ಇದೇ ಜಾತಿ ಸ್ಪ್ರೂಸ್ ಮರದಿಂದ. ನಿಮ್ಮ ಮಗಳು ಚಿಕ್ಕವಳಿದ್ದಾಗ ಪಿಟೀಲು ಕಲೀತಿದ್ಲು ಅಂತ ಬರೆದಿದ್ರಿ, ಅವಳ ಮಾತಿಗೆ ಕಾರ್ ಹೊರಡಬಹುದು.

ಒಂದು ಕೇಳ್ಕೋತೀನಿ. ಹೋದಾಗ ಮೇಲಿನ ಕೋಲಿನ ಫೋಟೋ ತೆಗೀಬೇಡಿ, ಅದು ನಮ್ಮತ್ರ ಬೇಕಾದಷ್ಟಿದೆ. ಹಗ್ಗದ ಈಚೆ ಕೂತು ಬುಡದ ಪೊದೆ ಫೋಟೋ ತೆಗೆದು ಕಳ್ಸಿ, ಮಣ್ಣೊಳಗೆ ಹೋಗಿ ಆಚೆ ಬಂದಿರೋ ಆ ಕೊಂಬೆ ಕಾಣೋ ಹಾಗೆ. ಹೋದ ಸಲ ತಪ್ಪು ಹೆಡ್ಡಿಂಗ್ ಹಾಕಿದ್ವಲ್ಲ ಅದೇ ಪುಟದಲ್ಲಿ ಅದನ್ನ ಹಾಕ್ತೀವಿ, ಕೆಳಗೆ ಏನು ಬರೀಬೇಕು ಅನ್ನೋದನ್ನ ನೀವೇ ಬರೆದು ಕಳ್ಸಿ.

ಇಂತಿ ನಿಮ್ಮ,
ಸಂಪಾದಕ